ಅಕ್ಕಾಸಾಹೇಬರ ಎಡಗಣ್ಣು

ಅಕ್ಕಾಸಾಹೇಬರು ಯಾರ ಮಾತನ್ನಾದರೂ ಗಮನವಿಟ್ಟು ಕೇಳುವಾಗ ಎಡಗಣ್ಣು ಮುಚ್ಚುತ್ತಿದ್ದರು. ಇಪ್ಪತ್ತು ವರ್ಷ ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದ ದುರ್ಬೀನಿಗೆ ಬಲಗಣ್ಣು ಹಚ್ಚಿ ನೋಡಿ ನೋಡಿ ಬಂದ ರೂಢಿ ಅದು. ಗೊತ್ತಿಲ್ಲದವರ ಪಾಡು ಕೇಳಬೇಡಿ. ನಮ್ಮೂರ ಪಂಚಾಯ್ತಿ ಚೇರ್ಮನ್ನರು ಕಾಲುವೆ ನೀರಿನ ತಕರಾರು ಹೇಳಲು ಹೋಗಿ, ಎದುರಿಗೆ ಕೂತ ಹೆಣ್ಣುಮಗಳು ತಮಗೆ ಕಣ್ಣು ಹೊಡೆದಳೆಂದು ತಿಳಿದು, ಅರ್ಧ ಮಾತಿಗೇ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ಬಂದಿದ್ದರು.

ಅಕ್ಕಾಸಾಹೇಬರ ನಿಜವಾದ ಹೆಸರು ಕುಮುದಿನಿ. ಎಂಬತ್ತರ ದಶಕದ ನಡುವೆ ರಾಯಬಾಗದ ಕಾಲುವೆ ಆಫೀಸಿಗೆ ಇಂಜಿನಿಯರಾಗಿ ಬಂದರು. ನಮ್ಮ ಕಡೆ ಇಂಜಿನಿಯರೆಂದರೆ ‘ಸಾಹೇಬ್ರ’. ಸೀರೆಯುಟ್ಟವರಿಗೆ ಅದು ಹೇಗೆ ಒಪ್ಪಬೇಕು? ‘ಬಾಯಿ’ ಎಂದರೆ ಸಾಲಿ ಕಲಿಸುವವರಾಗುತ್ತಾರೆ. ಕೊನೆಗೆ ನನ್ನ ಅಜ್ಜಿ, ದೊಡ್ಡ ಮನೆತನದ ವಾಡೆಯ ಹೆಣ್ಣುಮಕ್ಕಳನ್ನು ಕರೆಯುವ ‘ಅಕ್ಕಾಸಾಹೇಬ್ರ’ ಎಂಬುದನ್ನು ತಂದು ಇವರಿಗೆ ಹಚ್ಚಿದಳು. ಅದೇ ನಿಂತಿತು.

ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಕ್ಯಾನ್ವಾಸ್ ಬೂಟು, ತಲೆಯ ಮೇಲೆ ಟವೆಲ್ಲು. ಮಧ್ಯಾಹ್ನ ನಮ್ಮ ಹೊಲದ ಒಡ್ಡಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಆಗ ಹೇಳುತ್ತಿದ್ದ ಕತೆಯೊಂದು ನನಗೆ ಬಲು ಇಷ್ಟ. ಅವರು ಓದುವಾಗ ಸಿವಿಲ್ ವಿಭಾಗಕ್ಕೆಲ್ಲ ಅವರೊಬ್ಬರೇ ಹುಡುಗಿ. ಸರ್ವೆ ಕ್ಯಾಂಪಿಗೆ ಹುಡುಗಿಯರನ್ನು ಒಯ್ಯುವುದಿಲ್ಲ ಎಂದರಂತೆ. ಇವರು ತಾಯಿಯನ್ನೇ ಜೊತೆಗೆ ಕರೆದುಕೊಂಡು ಹೊರಟರು. ಆ ತಾಯಿ ಇಡೀ ಕ್ಯಾಂಪಿಗೆ ಝುಣಕ ರೊಟ್ಟಿ ಮಾಡಿ ಹಾಕಿದ್ದೇ ತಡ, ಬೇಡವೆಂದಿದ್ದ ಮಾಸ್ತರರೇ ಮುಂದಿನ ವರ್ಷ ತಾಯಿಯವರು ಬರುತ್ತಾರಲ್ಲವೇ ಎಂದು ಕೇಳತೊಡಗಿದರಂತೆ.

ಆಗಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆ ಸುದ್ದಿ ಊರಿಗೆಲ್ಲ ಗೊತ್ತು. ಆದರೆ ನಮ್ಮ ಹೆಂಗಸರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದ್ದರು: ಮನುಷ್ಯರು ತಲೆಕೆಳಗಾದರೆ ಉಟ್ಟ ಸೀರೆಯ ಗತಿಯೇನು? ಯಂತ್ರ ತಮ್ಮ ಕಡೆ ತಿರುಗಿತೆಂದರೆ ಸಾಕು, ಕಬ್ಬಿನಲ್ಲಿ ಕಸ ತೆಗೆಯುತ್ತಿದ್ದವರೆಲ್ಲ ನಿರಿಗೆ ಅಮುಕಿಕೊಂಡು ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದರು. ಕಾರಣ ತಿಳಿದಾಗ ಅಕ್ಕಾಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೆಲಸ ನಿಲ್ಲಿಸಿ, ಎಲ್ಲರನ್ನೂ ಸಾಲಾಗಿ ಕರೆದು ದುರ್ಬೀನು ತೋರಿಸಿದರು. ಮೊದಲು ಅಜ್ಜಿ ನೋಡಿದಳು. ದೂರದಲ್ಲಿ ನನ್ನ ಚಿಗವ್ವ ನಿಂತಿದ್ದಳು.

“ಯವ್ವಾ, ತಲಿ ತೆಳಗ, ಕಾಲ ಮ್ಯಾಲ. ಖರೆ ಸೀರಿ ಮಾತ್ರ ಹೆಂಗಿತ್ತೋ ಹಂಗ ಐತಿ,” ಎಂದಳು ಅಜ್ಜಿ.

ಅಂದಿನಿಂದ ನಮ್ಮೂರಲ್ಲಿ ಯಂತ್ರ ಕಂಡು ಯಾರೂ ಕುಕ್ಕರಗಾಲಿನಲ್ಲಿ ಕೂರಲಿಲ್ಲ.

ಎಲ್ಲರಾದ ಮೇಲೆ ನನ್ನ ಪಾಳಿ. ದೂರದಲ್ಲಿ ನಿಲ್ಲಿಸಿ ಹಿಡಿದ ಅಳತೆಯ ಪಟ್ಟಿಯ ಮೇಲಿನ ತಲೆಕೆಳಗಾದ ಅಂಕಿಗಳನ್ನು ನಾನು ಗಟ್ಟಿಯಾಗಿ ಓದಿದೆ. ಅಕ್ಕಾಸಾಹೇಬರ ಎಡಗಣ್ಣು ಮುಚ್ಚಿತು. ಮರುದಿನದಿಂದ ಸಾಲಿ ಬಿಟ್ಟೊಡನೆ ನಾನು ಅವರ ಬೆನ್ನು ಹತ್ತಿದೆ.

ಆಗ ನಾನು ಹತ್ತನೇ ಇಯತ್ತೆ, ಅಂದರೆ ಎಸ್ಸೆಸ್ಸೆಲ್ಸಿ. ಮುಂದೆ ಸೈನ್ಸ್ ಓದುವ ಆಸೆ. ಅಪ್ಪನದು ಒಂದೇ ಮಾತು: ಹತ್ತನೇ ಇಯತ್ತೆ ಮುಗಿಸು, ಟ್ರೇನಿಂಗ್ ಮಾಡು, ಸಾಲಿ ಬಾಯಿ ಆಗು, ಲೆಕ್ಕ ಹೆಣ್ಣುಮಕ್ಕಳ ತಲೆಗೆ ಹತ್ತುವುದಿಲ್ಲ. ಅಕ್ಕಾಸಾಹೇಬರು ಈ ಬಗ್ಗೆ ಅಪ್ಪನ ಜೊತೆ ವಾದಕ್ಕೆ ಇಳಿಯಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು.

ಆ ಚಳಿಗಾಲ ನಮ್ಮ ಹೊಲಕ್ಕೆ ಹೊಲಗಾಲುವೆ ತೋಡುವುದಿತ್ತು. ಮೂಡಣ ಬದಿಗೆ ತೋಡಬೇಕೆಂದು ಅಪ್ಪನ ಹಟ. ಅಲ್ಲಿ ತಗ್ಗಿರುವುದು ಕಣ್ಣಿಗೇ ಕಾಣುತ್ತದೆ ಎಂದ. ಅಕ್ಕಾಸಾಹೇಬರು ಯಂತ್ರ ನಿಲ್ಲಿಸಿ, ಪಟ್ಟಿಯನ್ನು ಅಪ್ಪನ ಕೈಗೇ ಕೊಟ್ಟು, ದುರ್ಬೀನು ನನಗೆ ಬಿಟ್ಟು, ಬೇವಿನ ನೆರಳಿಗೆ ಹೋಗಿ ಕೂತರು. ಪಟ್ಟಿಯ ಅಂಕಿ ಹೆಚ್ಚಿದಷ್ಟೂ ನೆಲ ತಗ್ಗು, ಇಳಿದಷ್ಟೂ ದಿಬ್ಬ. ಅಪ್ಪ ಮೊದಲು ಕಾಲುವೆಯಿಂದ ನೀರು ಬಿಡುವ ತೂಬಿನ ಬಳಿ ನಿಂತ, ಆಮೇಲೆ ಮೂಡಣ ಬದಿಗೆ. ಅಂಕಿ ಇಳಿದಿತ್ತು. ಮೂರು ಸಲ ನೋಡಿ, ಮೂಡಣ ಬದಿ ಒಂದು ಗೇಣು ಏರು, ನೀರು ಹತ್ತುವುದಿಲ್ಲ ಎಂದೆ. ಅಪ್ಪ ಕೆಂಡವಾದ. ನೀವೇ ಒಮ್ಮೆ ನೋಡಿ ಹೇಳಿ ಎಂದು ಅಕ್ಕಾಸಾಹೇಬರನ್ನು ಕೇಳಿದ.

“ಆಕಿ ನೋಡ್ಯಾಳಲ್ರಿ. ಮತ್ತ ನಾ ನೋಡೂದಿಲ್ಲ,” ಎಂದರು ಅವರು, ಶೇಂಗಾ ಸುಲಿಯುತ್ತ.

ಅಪ್ಪ ಹಟಕ್ಕೆ ಬಿದ್ದು ಅಲ್ಲೇ ತೋಡಿಸಿದ. ನೀರು ಬಿಟ್ಟ ದಿನ ಊರ ಅರ್ಧ ಜನ ಒಡ್ಡಿನ ಮೇಲಿದ್ದರು. ನಾನು ತಪ್ಪಿದರೆ ಸೈನ್ಸಿನ ಮಾತೇ ಮುಗಿಯಿತು. ನೀರು ಬಂತು. ಮೂಡಣದ ಏರಿನ ಬುಡದವರೆಗೆ ಬಂದು ನಿಂತಿತು, ಮತ್ತೆ ಬಂದ ದಾರಿಯಲ್ಲೇ ಹಿಂದೆ ಸರಿದು ಪಕ್ಕದವರ ಗೋದಿಗೆ ನುಗ್ಗಿತು. ಅಪ್ಪ ಸಲಿಕೆ ಊರಿಕೊಂಡು ನನ್ನ ಕಡೆ ತಿರುಗಿದ.

“ಎಷ್ಟ ಅಂದಿದ್ದಿ? ಒಂದ ಗೇಣ?” ಎಂದು ಕೇಳಿದ. ಹೌದೆಂದೆ.

ಜೂನ್ ತಿಂಗಳಲ್ಲಿ ನನ್ನನ್ನು ಚಿಕ್ಕೋಡಿ ಕಾಲೇಜಿಗೆ ಕರೆದೊಯ್ದವನು ಅಪ್ಪನೇ. ಕ್ಲರ್ಕು ಕೇಳುವ ಮೊದಲೇ, “ಸೈನ್ಸ್ ಅಂತ ಬರಕೋರಿ,” ಎಂದ.

ತೊಂಬತ್ತರ ದಶಕದ ಕೊನೆಗೆ, ನಾನೂ ಕಾಲುವೆಯ ಇಂಜಿನಿಯರಾಗಿ ಕೆಲವು ವರ್ಷ ಕಳೆದ ಮೇಲೆ, ನಿವೃತ್ತರಾಗಿ ನಿಪ್ಪಾಣಿಯಲ್ಲಿದ್ದ ಅಕ್ಕಾಸಾಹೇಬರನ್ನು ನೋಡಲು ಹೋದೆ. ಈಗಿನ ಯಂತ್ರದಲ್ಲಿ ಜನ ನೆಟ್ಟಗೇ ಕಾಣುತ್ತಾರೆ ಎಂದಾಗ, ನಿಮ್ಮ ಅಜ್ಜಿಯ ಚಿಂತೆ ಹೋಯಿತು ಬಿಡು ಎಂದು ನಕ್ಕರು. ಎಷ್ಟೋ ವರ್ಷ ಮನಸ್ಸಿನಲ್ಲಿದ್ದುದನ್ನು ಅಂದು ಕೇಳಿದೆ: ಹತ್ತನೇ ಇಯತ್ತೆಯ ಹುಡುಗಿಯನ್ನು ಅಷ್ಟು ಹೇಗೆ ನಂಬಿದಿರಿ?

ಎಡಗಣ್ಣು ಮುಚ್ಚಿಯೇ ಕೇಳಿದರು. ಆಮೇಲೆ ಎರಡೂ ಕಣ್ಣು ತೆರೆದರು.

“ಹಿಂದಿನ ದಿನಾನ ನಾ ಅಳದ ಇಟ್ಟಿದ್ದೆನವಾ. ಗೇಣ ಅಂತ ನನಗ ಗೊತ್ತಿತ್ತು. ನಿಮ್ಮಪ್ಪ ಅದನ್ನ ನಿನ್ನ ಬಾಯಿಂದ ಕೇಳಬೇಕಾಗಿತ್ತು.”

ನನಗೆ ಒಂದು ಗಳಿಗೆ ಪೆಚ್ಚೆನಿಸಿತು. ಆಮೇಲೆ ಇಬ್ಬರೂ ನಕ್ಕೆವು. ಅದೇ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಈಗ ನನ್ನ ಕೈಕೆಳಗೆ ಹೊಸ ಹುಡುಗಿಯರು ಕೆಲಸಕ್ಕೆ ಬರುತ್ತಾರೆ. ಊರಿನವರೆಲ್ಲ ನೆರೆದಿರುವಾಗ ಯಂತ್ರವನ್ನು ಅವರಿಗೆ ಬಿಟ್ಟು, ನೀನೇ ನೋಡಿ ಹೇಳವಾ, ನಾನು ನೋಡುವುದಿಲ್ಲ ಎಂದು ನೆರಳಿಗೆ ಹೋಗಿ ಕೂರುತ್ತೇನೆ. ಹಿಂದಿನ ದಿನವೇ ಅಳೆದಿಟ್ಟಿರುತ್ತೇನೆ.