ಮೇಜಿಗೂ ಕಿವಿ ಕೇಳಿಸಿತು

ಅವರು ಪ್ರೋಗ್ರಾಂ ಬರೆಯಲು ಕಲಿತದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹಾಗಾಗಿ ಈಗ ಕೆಲಸಕ್ಕಿದ್ದ, ಕಿವಿ ಪರೀಕ್ಷಿಸುವ ಯಂತ್ರ ತಯಾರಿಸುವ ಸಣ್ಣ ಕಾರ್ಖಾನೆಯಲ್ಲೂ ಎಲ್ಲರಿಗೂ ಅವರು ಗಣಿತದ ಮೇಡಂ. ಫಂಕ್ಷನಲ್ ಎಂಬ ಬಗೆಯ ಪ್ರೋಗ್ರಾಮಿಂಗ್ ಭಾಷೆಯೆಂದರೆ ಅವರಿಗೆ ಪ್ರಾಣ. ಅಲ್ಲಿ ಎಲ್ಲವೂ ಸೂತ್ರದ ಹಾಗೆ. ಅದೇ ಪ್ರಶ್ನೆಯನ್ನು ಯಾವಾಗ ಕೇಳಿದರೂ ಅದೇ ಉತ್ತರ.

ಯಂತ್ರದ ಜೊತೆ ನೇರವಾಗಿ ವ್ಯವಹರಿಸುವ ಕೋಡ್ ಮಾತ್ರ ಹಳೆಯ ಸಿ ಭಾಷೆಯಲ್ಲಿತ್ತು. ಬರೆದವರು ತಂತಿಯಪ್ಪ, ಕೊರಳಲ್ಲಿ ಸದಾ ಯಾವುದೋ ತಂತಿ ನೇತಾಡುತ್ತಿದ್ದುದರಿಂದ ಬಂದ ಹೆಸರು. ಮೇಡಂ ಹೊಸ ಪ್ರೋಗ್ರಾಂ ಬರೆಯಲು ಹೊರಟಾಗ ಅವರು ಕೇಳಿಕೊಂಡದ್ದು ಒಂದೇ, ತಮ್ಮ ಸಾಲುಗಳನ್ನು ಯಾರೂ ತಿದ್ದಬಾರದು. ಮೇಡಂ ತಿದ್ದಲಿಲ್ಲ. ತಮ್ಮ ಫಂಕ್ಷನಲ್ ಪ್ರೋಗ್ರಾಂನ ನಡುನಡುವೆ, ಆವರಣ ಚಿಹ್ನೆಗಳೊಳಗೆ, ಆ ಸಿ ತುಂಡುಗಳನ್ನು ಇದ್ದಂತೆಯೇ ಕೂರಿಸಿದರು. ಪ್ರತಿ ತುಂಡಿನ ಮುಂದೆ ಅದು ಎಂಥದ್ದೆಂದು, ಕೋಡನ್ನು ಕಂಪ್ಯೂಟರಿನ ಭಾಷೆಗೆ ಇಳಿಸುವ ಕಂಪೈಲರ್‌ಗೆ ಒಂದು ಪದದಲ್ಲಿ ತಿಳಿಸಬೇಕಿತ್ತು. ತಿಳಿಸಿದರು.

ಪ್ರೋಗ್ರಾಂ ಸಿದ್ಧವಾದಾಗ ಮೊದಲು ತಮ್ಮ ಕಿವಿಯನ್ನೇ ಪರೀಕ್ಷಿಸಿಕೊಂಡರು. ಚೆನ್ನಾಗಿತ್ತು. ತಂತಿಯಪ್ಪನವರದೂ ಉಳಿದವರದೂ ಚೆನ್ನಾಗಿಯೇ ಬಂತು. ಕಿವಿ ಮಂದವಾದವರೊಬ್ಬರು ಬೇಕೆಂದು ಮನೆಯಿಂದ ಮಾವನನ್ನು ಕರೆತಂದರು. ಅತ್ತೆಯೂ ಜೊತೆಗೆ ಬಂದರು. ಒಂದೇ ಮಾತನ್ನು ಹತ್ತು ಸಲ ಹೇಳಿ ಗಂಟಲು ಹರಿದುಕೊಳ್ಳುವುದು ಅವರಿಗೆ ಸಾಕಾಗಿ ಹೋಗಿತ್ತು.

ಮಾವ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ತೊಟ್ಟು ಕುಳಿತರು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಅವರು ಒತ್ತಿದ್ದು ಎಲ್ಲೋ ಅಪರೂಪಕ್ಕೆ ಎಂದು ಮೇಡಂಗೆ ಅನಿಸಿತು. ಪರದೆ ಮಾತ್ರ ಎರಡೂ ಕಿವಿ ಚೆನ್ನಾಗಿವೆ ಎಂದಿತು. ಕಣ್ಣನ್ನು ನಂಬುವುದೋ ಪರದೆಯನ್ನೋ ತಿಳಿಯದೆ, ಕೊನೆಗೆ ಪರದೆಯನ್ನೇ ನಂಬಿದರು.

"ನಾನು ಅಂದುಕೊಂಡಿದ್ದೆ," ಎಂದರು ಅತ್ತೆ. "ಜಾಣಕಿವುಡು."

ಅಂದಿನಿಂದ ಅತ್ತೆ ಗಂಡನೊಂದಿಗೆ ಮಾತು ಬಿಟ್ಟರು. ತಟ್ಟೆಯನ್ನು ಕುಕ್ಕಿ ಇಟ್ಟು ಹೋಗುವರು. ಮಾವ ಯಾರು ಏನು ಹೇಳಿದರೂ ತಲೆಯಾಡಿಸತೊಡಗಿದರು. ಒಂದು ಸಂಜೆ ಸೊಸೆಯನ್ನು ಪಕ್ಕಕ್ಕೆ ಕರೆದು ಕೇಳಿದರು: "ನನಗೆ ಕೇಳಿಸುತ್ತೆ ಅಂತ ನಿನ್ನ ಯಂತ್ರ ಹೇಳ್ತಲ್ಲಮ್ಮ. ಮತ್ತೆ ನನಗ್ಯಾಕೆ ಗೊತ್ತಾಗ್ತಿಲ್ಲ?"

ಮೇಡಂ ತಮ್ಮ ಸಾಲುಗಳನ್ನೆಲ್ಲ ಮತ್ತೆ ಜಾಲಾಡಿದರು. ಒಂದು ತಪ್ಪೂ ಸಿಗಲಿಲ್ಲ.

ಅದೊಂದು ದಿನ ತಮ್ಮದೇ ಕಿವಿಯ ಪರೀಕ್ಷೆ ನಡೆಯುತ್ತಿದ್ದಾಗ ಫೋನ್ ಬಂತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು. ಬಂದು ನೋಡಿದರೆ ಪರೀಕ್ಷೆ ತನ್ನಷ್ಟಕ್ಕೆ ಮುಗಿದಿತ್ತು. ಎರಡೂ ಕಿವಿ ಚೆನ್ನಾಗಿವೆ.

ಗೋಡೆಗೂ ಕಿವಿಯಿರುತ್ತದೆ ಎಂಬುದನ್ನು ಕೇಳಿದ್ದರು; ಮೇಜಿಗೆ ಇರುವುದನ್ನು ಕಂಡಿರಲಿಲ್ಲ. ಮೊದಲ ದಿನದಿಂದ ಓಡುತ್ತಲೇ ಇದ್ದ ಪ್ರೋಗ್ರಾಂ ನಿಲ್ಲಿಸಿ, ಮತ್ತೆ ಶುರುಮಾಡಿ, ಮೇಜನ್ನು ಇನ್ನೊಮ್ಮೆ ಪರೀಕ್ಷಿಸಿದರು. ಈಗ ಮೇಜು ಪೂರಾ ಕಿವುಡು. ಸದ್ಯ ಸರಿಹೋಯಿತೆಂದು ತಾವೇ ಹೆಡ್‌ಫೋನ್ ತೊಟ್ಟು, ಕೇಳಿಸಿದ ಪ್ರತಿ ಸದ್ದಿಗೂ ಗುಂಡಿ ಒತ್ತಿದರು. ಪರದೆಯ ಪ್ರಕಾರ ಅವರೂ ಪೂರಾ ಕಿವುಡು. ತಂತಿಯಪ್ಪನವರನ್ನು ಕರೆದರು.

ತಂತಿಯಪ್ಪ ಬಂದು ತಮ್ಮ ಸಿ ಸಾಲುಗಳನ್ನು ಬೇರೆಯಾಗಿ ಓಡಿಸಿ ತೋರಿಸಿದರು. ಅವು ಸರಿಯಿದ್ದವು. ಮೇಡಂ ತಮ್ಮವನ್ನು ಬೇರೆಯಾಗಿ ಓಡಿಸಿದರು. ಅವೂ ಸರಿಯಿದ್ದವು. ಜೊತೆಗಿಟ್ಟರೆ ಮಾತ್ರ ಎಡವಟ್ಟು. ಇಬ್ಬರೂ ಒಟ್ಟಿಗೆ ಕುಳಿತು ಸಾಲು ಸಾಲಾಗಿ ಓದತೊಡಗಿದರು.

"ನನ್ನ ತುಂಡಿನ ಮುಂದೆ ಇದೇನು ಬರೆದಿದ್ದೀರಿ?" ಎಂದು ತಂತಿಯಪ್ಪ ಕೇಳಿದರು.

'ಶುದ್ಧ' ಎಂಬ ಅರ್ಥದ ಪದ ಅದು. ಈ ತುಂಡು ಹೊರಗಿನ ಏನನ್ನೂ ನೋಡುವುದಿಲ್ಲ, ಇದರ ಉತ್ತರ ಎಂದೂ ಬದಲಾಗುವುದಿಲ್ಲ ಎಂದು ಕಂಪೈಲರ್‌ಗೆ ಕೊಟ್ಟ ಮಾತು. ಆದರೆ ಆ ತುಂಡಿನ ಕೆಲಸವೇ ಯಂತ್ರವನ್ನು ನೋಡಿ ಅಳತೆ ತರುವುದು. ಕೊಟ್ಟ ಮಾತನ್ನು ನಂಬಿದ ಪ್ರೋಗ್ರಾಂ ಶುರುವಾದ ಮೇಲೆ ಮೊದಲ ಸಲ ಮಾತ್ರ ಹೋಗಿ ನೋಡಿ, ಆ ಉತ್ತರವನ್ನೇ ಆಮೇಲೆ ಬಂದವರಿಗೆಲ್ಲ ಹಂಚಿತ್ತು. ಮಾವನಿಗೆ ಸಿಕ್ಕಿದ್ದು ಸೊಸೆಯ ಕಿವಿ. ಇವತ್ತು ಸೊಸೆಗೆ ಸಿಕ್ಕಿದ್ದು ಮೇಜಿನದು.

ಪದ ಬದಲಾಯಿಸಿ ಮಾವನನ್ನು ಮತ್ತೆ ಕೂರಿಸಿದರು. ಎಡಗಿವಿ ಬಹುತೇಕ ಹೋಗಿತ್ತು, ಬಲಗಿವಿ ಅರ್ಧಂಬರ್ಧ. ಮೇಡಂ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅತ್ತೆಯ ತಲೆಗೆ ಒಂದಕ್ಷರವೂ ಹತ್ತಲಿಲ್ಲ. ಆಗ ಹೇಳಿದ್ದು ಸುಳ್ಳೋ ಈಗ ಹೇಳುತ್ತಿರುವುದು ಸುಳ್ಳೋ ಎಂದಷ್ಟೇ ಕೇಳಿದರು. ಆಮೇಲೆ ಗಂಡನ ಬಲಗಡೆಗೆ ಹೋಗಿ ಕುಳಿತರು.

"ಹಾಗಾದ್ರೆ ಇಷ್ಟು ವರ್ಷ ನಾನು ಅಂದಿದ್ದು ಯಾವುದೂ ಕೇಳಿಸಿಲ್ವಾ ನಿಮಗೆ?"

ಮಾವ ಯೋಚಿಸಿದರು. "ಅರ್ಧ ಕೇಳಿಸ್ತಿತ್ತು," ಎಂದರು. "ಯಾವ ಅರ್ಧ ಅಂತ ಮಾತ್ರ ಕೇಳ್ಬೇಡ."

ಅತ್ತೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಸೊಸೆಯತ್ತ ನೋಡಿದರು. ಸೊಸೆಗೂ ತಿಳಿದಿರಲಿಲ್ಲ. ಅವರ ತಲೆಗೆ ಇನ್ನೊಂದು ಚಿಂತೆ ಹೊಕ್ಕಿತ್ತು: ಉಳಿದ ಸಿ ತುಂಡುಗಳ ಮುಂದೆ ತಾವು ಏನೇನು ಬರೆದಿಟ್ಟಿರಬಹುದು?