ಮಾವ ಹಿಡಿಸಿದ ಮೇಣಿ

ಮೊನ್ನೆ ಕೊಡಿಗೇಹಳ್ಳಿಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಪಾಯ ತೋಡಲು ಜೆಸಿಬಿ ಬಂತು. ಹಿಂದಿನ ದಿನ ಒಂದು ಹದ ಮಳೆ ಬಿದ್ದಿತ್ತು. ಯಂತ್ರದ ಹಲ್ಲು ನೆಲಕ್ಕಿಳಿದು ಕೆಮ್ಮಣ್ಣು ಮಗುಚಿದ್ದೇ ತಡ, ಅದರ ವಾಸನೆ ಸೀದಾ ಅಡಿಗೆಮನೆಗೆ ನುಗ್ಗಿತು. ಒಲೆಯ ಮೇಲೆ ಹಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಹಾಲೆಲ್ಲ ಉಕ್ಕಿ ಹೋಯಿತು. ಸೊಸೆ ಬಂದು, “ಏನತ್ತೆ, ಎಲ್ಲಿದೀರಾ?” ಎಂದಳು. ಎಲ್ಲಿದ್ದೆ ಅಂತ ಹೇಳಲಿ... ಅರವತ್ತರ ದಶಕದ ಒಂದು ಬೇಸಿಗೆಯಲ್ಲಿದ್ದೆ. ಬತ್ತಿದ ಕೆರೆಯಂಗಳದಲ್ಲಿ, ಮಾವನ ಜೊತೆ.

ಮಾವ ಎಂದರೆ ಅವ್ವನ ತಮ್ಮ. ಕೊಡಿಗೇಹಳ್ಳಿ ಆಗಿನ್ನೂ ಹಳ್ಳಿಯೇ, ನನ್ನ ತವರೂರು. ಪಕ್ಕದ ಬೀದಿಯಲ್ಲೇ ಅವನ ಮನೆ. ನಾನು ತೊಟ್ಟಿಲಲ್ಲಿದ್ದಾಗಲೇ ‘ಇವಳು ಅವನಿಗೆ’ ಎಂದು ಅವನ ತಾಯಿ, ಅಂದರೆ ನನ್ನ ಅಜ್ಜಿ, ಹೇಳಿಟ್ಟಿದ್ದಳಂತೆ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಬೇಡವೆಂದು ಅವನೇ ಬಾಯಿಬಿಟ್ಟು ಹೇಳುವವರೆಗೆ ಬೇರೆ ಯಾರೂ ಹೆಣ್ಣು ಕೇಳಲು ಬರುವಂತಿಲ್ಲ. ಹೆಣ್ಣಿಗೆ ಏನಿಷ್ಟ ಅಂತ ಕೇಳುವ ಮಾತಂತೂ ದೂರವೇ ಉಳಿಯಿತು. ಮಾವ ಕುಡುಕನೋ ಪೋಲಿಯೋ ಆಗಿದ್ದರೆ ಅತ್ತು ಕರೆದು ರಂಪ ಮಾಡಬಹುದಿತ್ತು. ಅವನು ಒಳ್ಳೆಯವನಾಗಿದ್ದ! ನನ್ನ ಫಜೀತಿಯೆಲ್ಲ ಅಲ್ಲೇ ಇದ್ದದ್ದು.

ನನಗೆ ಓದಬೇಕಿತ್ತು. ಹೆಬ್ಬಾಳದ ಬೇಸಾಯದ ಕಾಲೇಜಿನ ಮುಂದೆ ಬಸ್ಸು ಹತ್ತುವಾಗೆಲ್ಲ ಬೇಲಿಯಾಚೆ ಪಟ್ಟೆಪಟ್ಟೆಯಾಗಿ ಬೆಳೆಸಿದ ಪೈರು ನೋಡಿ, ಸೇರಿದರೆ ಇಲ್ಲಿಗೇ ಎಂದುಕೊಂಡಿದ್ದೆ. ಪಿಯುಸಿ ಫಲಿತಾಂಶ ಬಂದಾಗ ಕೆಮಿಸ್ಟ್ರಿ ಕೈಕೊಟ್ಟಿತ್ತು. ಪಾಸೇನೋ ಆಗಿದ್ದೆ, ಸೀಟಿಗೆ ಬೇಕಾದಷ್ಟು ಮಾರ್ಕ್ಸು ಇರಲಿಲ್ಲ. ಉಳಿದಿದ್ದು ಒಂದೇ ದಾರಿ. ಬೇಸಾಯಗಾರರ ಮಕ್ಕಳಿಗೆ ಮಾರ್ಕ್ಸು ಕಮ್ಮಿಯಿದ್ದರೂ ಇಂಟರ್ವ್ಯೂ ಮಾಡಿ ಕೆಲವರನ್ನು ತೆಗೆದುಕೊಳ್ಳುತ್ತಿದ್ದರು. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟ: “ಸೀಟ್ ಸಿಕ್ತೋ, ಓದು. ಸಿಗಲಿಲ್ವೋ, ಶ್ರಾವಣದಾಗೆ ಮದ್ವೆ.”

ಆಮೇಲೆ ಮನೆಯೇ ಸೆರೆಮನೆಯಾಯಿತು. ಅಜ್ಜಿ ದಿನಾ ಬೆಳಿಗ್ಗೆ ಬಂದು ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಬಿಸಿಲಿಗೆ ಹೋದರೆ ಕಪ್ಪಾಗುತ್ತೀಯ, ಬಾವಿಗೆ ಹೋದರೆ ದೃಷ್ಟಿ ತಾಗುತ್ತದೆ, ಪುಸ್ತಕ ಹಿಡಿದರೆ ಕಣ್ಣು ಗುಳಿ ಬೀಳುತ್ತದೆ. ಅಕ್ಕಸಾಲಿಗನಿಗೆ ತಾಳಿ ಮಾಡಲು ಹೇಳಿಯೂ ಆಗಿತ್ತು. ನಡುಮನೆಯಲ್ಲಿ ಇದ್ದದ್ದು ಒಂದೇ ಬೆಳಕಿಂಡಿ. ಅದರ ಕೆಳಗೆ ಕೂತು, ಬೆಳಕಿನ ಚೌಕ ಗೋಡೆಯಿಂದ ರಾಗಿ ಕಣಜದವರೆಗೆ ತೆವಳುವುದನ್ನು ನೋಡುತ್ತಿದ್ದೆ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತಲೂ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಮಾವ ಎಲ್ಲಿಂದಲೋ ಒಂದು ಸುದ್ದಿ ತಂದ. ಇಂಟರ್ವ್ಯೂನಲ್ಲಿ ನಿಜವಾದ ಬೇಸಾಯಗಾರರ ಮಕ್ಕಳೋ ಅಲ್ಲವೋ ಎಂದು ನೋಡಲು ನೇಗಿಲು ಕೊಟ್ಟು ಒಂದು ಸಾಲು ಉಳಲು ಹೇಳುತ್ತಾರಂತೆ! ಕಳೆ ಕೀಳುವುದು, ನಾಟಿ, ಕುಯಿಲು ಎಲ್ಲ ಗೊತ್ತಿತ್ತು. ನೇಗಿಲು ಮಾತ್ರ ಹೆಂಗಸರು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಆ ವರ್ಷ ಊರಿಗೆ ಮಳೆಯಿಲ್ಲ ಎಂದು ಎಲ್ಲರೂ ನಂಬಿದ್ದರು. ಮಾವನೂ ನಂಬಿದ್ದ.

ಒಂದು ದಿನ ಊರಿಗೆ ಊರೇ ಮಾಕಳಿಯಲ್ಲಿ ಯಾರದೋ ಮದುವೆಗೆ ಹೋಗಿತ್ತು. ಅಜ್ಜಿ ಉಂಡು ಜಗುಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಮಾವ ಹಿತ್ತಿಲಿನಿಂದ ಕರೆದ. ಕೆರೆಯಂಗಳದಲ್ಲಿ ಎತ್ತು ಹೂಡಿ ನಿಲ್ಲಿಸಿದ್ದ. ಮೇಣಿ ತೋರಿಸಿ, “ಇಡ್ಕ” ಎಂದ. ಮೇಣಿ ಎಂದರೆ ನೇಗಿಲಿನ ಹಿಡಿ. ನನ್ನ ಕೈ ಮುಂದಕ್ಕೇ ಹೋಗಲಿಲ್ಲ.

“ಮಳೆ ಬರ್ದೇ ಹೋದ್ರೆ, ಮಾವ?”

“ಬರ್ದಿದ್ರೆ ನಾನ್ ಬೈಸ್ಕಂತೀನಿ. ನೀನ್ ಮನ್ಸಿಲ್ದೆ ನನ್ ಮನೇಗ್ ಬಂದು ರಸ್ತೆ ನೋಡ್ಕಂಡ್ ಕುಂತ್ರೆ, ಒಳಗೆ ಇಬ್ರೂ ಸಿಕ್ಕಾಕ್ಕಂಡಂಗೆ ಕಣಮ್ಮಣ್ಣಿ. ಇಡ್ಕ, ಇಡ್ಕ.”

ಹಿಡಿದೆ. ಅಬ್ಬಬ್ಬಾ! ನೋಡಲು ಎಷ್ಟು ಸಲೀಸು! ಒತ್ತಿದರೆ ಕುಳದ ಕಬ್ಬಿಣ ಮಣ್ಣಲ್ಲಿ ಹೂತುಹೋಗುತ್ತದೆ, ಬಿಟ್ಟರೆ ಮೇಲೆದ್ದು ಕುಣಿಯುತ್ತದೆ. ಮೊದಲ ಸಾಲು ಹಾವು ಹರಿದಂತೆ ಹೋಯಿತು. “ಎತ್ತಿನ್ ಬಾಲ ನೋಡ್ಬ್ಯಾಡ, ದೂರದಾಗಿರೋ ಆ ಜಾಲಿಮರ ನೋಡು” ಎಂದ ಮಾವ. ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದವು. ಹೊತ್ತು ಇಳಿಯುವಷ್ಟರಲ್ಲಿ ಒಂದು ಸಾಲು, ಒಂದೇ ಒಂದು, ನೆಟ್ಟಗೆ ಬಂತು. ತಿರುಗಿ ನೋಡಿದರೆ ಕೆರೆ ಏರಿಯ ಮೇಲೆ ಅಜ್ಜಿ! ನನ್ನನ್ನು ಹುಡುಕಿಕೊಂಡು ಬಂದಿದ್ದಳು. “ಅಯ್ಯೋ, ಊರು ಆಳಾಗೋಯ್ತಲ್ಲೋ!” ಎಂದು ಬಾಯಿ ಬಡಿದುಕೊಂಡಳು. ಮದುವೆಗೆ ಹೋದವರು ಮರಳುವ ಹೊತ್ತಿಗೆ ಗುಟ್ಟೆಂಬುದು ಏನೂ ಉಳಿದಿರಲಿಲ್ಲ.

ಇಂಟರ್ವ್ಯೂ ದಿನ ಅಪ್ಪ ಹೆಬ್ಬಾಳಕ್ಕೆ ಕರೆದುಕೊಂಡು ಹೋದ. ಮೇಜಿನಾಚೆ ಮೂವರು ಕೂತಿದ್ದರು. ಏನೇನೋ ಕೇಳಿದರು, ಏನೇನೋ ಹೇಳಿದೆ. ಕೊನೆಗೆ ಹೋಗಮ್ಮ ಎಂದರೂ ನಾನು ಏಳಲಿಲ್ಲ.

“ನೇಗಿಲು ಎಲ್ಲಿದೆ ಸಾರ್?” ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ನೇಗಿಲೂ ಇಲ್ಲ, ಗೀಗಿಲೂ ಇಲ್ಲ. ಅಂಥ ಪರೀಕ್ಷೆಯೇ ಇರಲಿಲ್ಲ. ನಾನು ತಡವರಿಸುತ್ತಾ ಎಲ್ಲ ಹೇಳಿದ ಮೇಲೆ ಇಬ್ಬರು ಬಿದ್ದು ಬಿದ್ದು ನಕ್ಕರು. ನಡುವೆ ಕೂತಿದ್ದ ಹಿರಿಯರು ನಗಲಿಲ್ಲ. ಕೈ ತೋರಿಸಮ್ಮ ಎಂದರು. ಅಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಗಾಯ ತೋರಿಸಿದೆ.

“ನಿಮ್ಮ ಕಡೆ ಹೆಣ್ಮಕ್ಕಳು ನೇಗಿಲು ಮುಟ್ಟಲ್ವಲ್ಲಮ್ಮ?”

“ನಮ್ಮ ಮಾವ ಮುಟ್ಟಿಸಿದ್ರು ಸಾರ್.”

ಸೀಟು ಸಿಕ್ಕಿತು. ಆದರೆ ಆ ವರ್ಷ ಮುಂಗಾರು ಕಣ್ಣಾಮುಚ್ಚಾಲೆ ಆಡಿತು. ರಾಗಿ ಬಿತ್ತಲು ಕಾದು ಕೂತ ಜನ ಆಕಾಶಕ್ಕೆ ಬೈಯಲಾಗದೆ ನನ್ನ ಹೆಸರು ಹಿಡಿದರು. ಗುಡಿಯ ಮುಂದೆ ಊರು ಸೇರಿತು. ನಾನು ಅದೇ ಬೆಳಕಿಂಡಿಯ ಕೆಳಗೆ ಕೂತಿದ್ದೆ. ಮಾವನ ಗಂಟಲು ಅಲ್ಲಿಯವರೆಗೂ ಕೇಳುತ್ತಿತ್ತು: “ಇಡಿಸ್ದೋನು ನಾನು. ಅವ್ಳನ್ ಯಾರೂ ಏನೂ ಅನ್ನಂಗಿಲ್ಲ. ಅವ್ಳ್ ಮ್ಯಾಲಿನ್ ಅಕ್ಕೂ ಬಿಟ್ಟಿದೀನಿ, ಅವ್ಳು ಓದಕ್ ಓಯ್ತಾಳೆ.”

ಯುಗಾದಿ ಕಳೆದ ಮೇಲೆ ಊರಿನವರೆಲ್ಲ ಒಟ್ಟಿಗೆ ಎತ್ತು ಹೂಡಿ ವರ್ಷದ ಮೊದಲ ಸಾಲು ಹೊಡೆಯುತ್ತಿದ್ದರು. ಹೊನ್ನಾರು ಎನ್ನುತ್ತಿದ್ದೆವು. ಇನ್ನು ಮೇಲೆ ಅದಕ್ಕೆ ಮಾವ ಬರಕೂಡದು ಎಂದು ತೀರ್ಮಾನವಾಯಿತು. ಮಳೆ ತಡವಾಗಿ ಬಂತು, ಚೆನ್ನಾಗಿಯೇ ಬಂತು. ತೀರ್ಮಾನವನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಮುಂದಿನ ಯುಗಾದಿಗೆ ಕಾಲೇಜಿನಿಂದ ಬಂದಿದ್ದೆ. ಹೊನ್ನಾರಿನ ದಿನ ಎತ್ತುಗಳ ಕೊರಳ ಗಂಟೆ ಸದ್ದು ಮಾವನ ಬಾಗಿಲ ಮುಂದೆಯೇ ಹಾದು ಹೋಯಿತು. ಅವನ ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವು. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಾಗೇ ಕಟ್ಟಿಹಾಕಿದ್ದ. ತಾನೂ ಹೊಸ ಪಂಚೆ ಉಟ್ಟು ಹೊಸ್ತಿಲಿನ ಒಳಗೆ ಕೂತಿದ್ದ. ಬೆಳಕಿಂಡಿಯ ಕೆಳಗೆ ಕೂರುವ ಸರದಿ ಈಗ ಅವನದಾಗಿತ್ತು.

“ಕಾಲೇಜಲ್ಲಿ ಮೇಣಿ ಇಡ್ಸುದ್ರಾ?” ಎಂದು ಕೇಳಿದ.

“ಹೂಂ ಮಾವ, ಹಿಡಿಸಿದ್ರು. ಹುಡುಗರೆಲ್ಲ ನಗೋಕೆ ಅಂತ ಕಾಯ್ಕೊಂಡು ನಿಂತಿದ್ರು.”

“ಸಾಲು?”

“ನೆಟ್ಟಗೆ ಬಂತು.”

ಮಾವನ ಮುಖ ಅರಳಿತು. “ಅಂಗಾದ್ರೆ ನಮ್ಮನೇದೂ ಒಂದ್ ಸಾಲು ಒಡ್ದಂಗಾಯ್ತು ಬುಡು” ಎಂದ.

ಮಾವನಿಗೆ ಹೆಣ್ಣು ಕೊಡಲು ಬಹಳ ವರ್ಷ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಾಗಲಗುಂಟೆ ಕಡೆಯವಳೊಬ್ಬಳು ಬಂದಳು, ಮಕ್ಕಳಾದವು. ಹೊನ್ನಾರಿಗೆ ಮಾತ್ರ ಅವನನ್ನು ಮತ್ತೆ ಯಾರೂ ಕರೆಯಲಿಲ್ಲ. ಕರೆದಾರು ಎಂದು ಪ್ರತಿ ಯುಗಾದಿಗೂ ಎತ್ತಿನ ಮೈ ತೊಳೆದ... ಹೊಲಗಳು ಸೈಟುಗಳಾಗಿ ಹೊನ್ನಾರೇ ನಿಂತುಹೋಯಿತು. ಮಾವನೂ ಹೋದ.

ಜೆಸಿಬಿ ತೋಡುತ್ತಿರುವುದು ಒಂದು ಕಾಲಕ್ಕೆ ಅವನ ಹೊಲವಾಗಿದ್ದ ಜಾಗವನ್ನೇ. ಒಲೆ ಆರಿಸಿ, ಕಾಂಪೌಂಡಿನ ಹತ್ತಿರ ಹೋಗಿ ನಿಂತೆ. ಗಾಡಿಯ ಹುಡುಗ, “ಅಜ್ಜಿ, ಈ ಕಡೆ ಬರ್ಬೇಡಿ, ಗುಂಡಿ ಇದೆ” ಎಂದು ಕೂಗಿದ. ಬರಲ್ಲಪ್ಪ ಎಂದೆ. ಮಗುಚಿದ ಮಣ್ಣನ್ನು ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಒಂದು ಸಾಲೂ ನೆಟ್ಟಗಿರಲಿಲ್ಲ, ಮಾವ.