ನನ್ನ ಬೆನ್ನಿಗೊಂದು ಗಾಡಿ

ಹೋದ ವರ್ಷದ ಬೇಸಿಗೆ ರಜೆಯ ಮಾತು. ನನ್ನ ಬೆನ್ನಿನ ಆಪರೇಶನ್ ಆಗಿ, ಇನ್ನು ಸ್ಕೂಟರ್, ಬಸ್ಸು ಬೇಡವೆಂದು ಡಾಕ್ಟರು ಹೇಳಿದ್ದರು. ಮನೆ ಧಾರವಾಡದ ಸಪ್ತಾಪುರದಲ್ಲಿ, ನಾನು ಕಲಿಸುವ ಶಾಲೆ, ನಮ್ಮ ಮನೆಯವರ ಅಂಗಡಿ ಎರಡೂ ಹುಬ್ಬಳ್ಳಿಯಲ್ಲಿ. ಜೂನ್ ಒಳಗೆ ಕಾರು ಬರದಿದ್ದರೆ ನಾನು ಕೆಲಸ ಬಿಡಬೇಕಿತ್ತು. ತಗ್ಗಿನ ಕಾರಿಗೆ ಬಗ್ಗಿ ಹತ್ತಲಾಗದು, ಎತ್ತರದ ಹೊಸ ಗಾಡಿ ಕೈಗೆಟುಕದು. ಹಾಗಾಗಿ ಹಳೆಯದೊಂದು ಚಿಕ್ಕ ಎಸ್‌ಯುವಿ ಕೊಳ್ಳುವುದೆಂದಾಯಿತು.

ಹಳೆ ಗಾಡಿ ಮಾರಿಸುವ ಏಜೆಂಟರೊಬ್ಬರು ಒಂದೇ ಮಾಡೆಲ್ಲಿನ ಎರಡು ಗಾಡಿ ತೋರಿಸಿದರು. ಒಂದು ಡೀಸೆಲ್, ಇನ್ನೊಂದು ಪೆಟ್ರೋಲ್. ಅಲ್ಲಿಂದ ಶುರುವಾಯಿತು ನನ್ನ ತಲೆಬಿಸಿ.

"ದಿನಾ ಹುಬ್ಬಳ್ಳಿಗೆ ಓಡಾಡೋರಿಗೆ ಡೀಸೆಲ್ಲೇ ಛಲೋ. ಮೈಲೇಜ್ ಕೊಡತೈತಿ" ಎಂದರು ಹತ್ತಿ ವ್ಯಾಪಾರ ಮಾಡುವ ನಮ್ಮವರ ಕಾಕಾ.

"ಹಳೇ ಡೀಸೆಲ್ ಕೆಟ್ರ ರಿಪೇರಿ ಭಾಳ ತುಟ್ಟಿರಿ. ಪೆಟ್ರೋಲ್ ತಗೋರಿ" ಎಂದರು ಪಕ್ಕದ ಮನೆಯ ಮಾಸ್ತರು.

ಇಬ್ಬರ ಮಾತೂ ಖರೇ ಅನ್ನಿಸುತ್ತಿತ್ತು. ಬೆಳಿಗ್ಗೆ ನಾನು ಡೀಸೆಲ್ ಪಾರ್ಟಿ, ಸಂಜೆ ಪೆಟ್ರೋಲ್ ಪಾರ್ಟಿ. ಯಾರು ಕೊನೆಗೆ ಮಾತಾಡಿದರೋ ಅವರದ್ದೇ ಸರಿ.

ಭಾನುವಾರ ಎರಡೂ ಗಾಡಿ ಮನೆ ಮುಂದೆ ಬಂದವು. ನಮ್ಮಲ್ಲಿ ಗಾಡಿ ನೋಡುವುದೆಂದರೆ ಹೆಣ್ಣು ನೋಡಿದ ಹಾಗೆ, ಬಳಗವೆಲ್ಲ ಬರಬೇಕು. ನಮ್ಮವರು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಕಾಕಾ, ಹಿಂದೆ ಮಾಸ್ತರು, ಏಜೆಂಟರು, ನನ್ನ ಮೈದುನ. ಎರಡರಲ್ಲೂ ಕೆಲಗೇರಿ ಕೆರೆಯವರೆಗೆ ಹೋಗಿ ಬಂದರು. ನಾನು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಗೇಟಿನಲ್ಲಿ ನಿಂತಿದ್ದೆ. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅನ್ನಿಸಲಿಲ್ಲ.

ಮಿರ್ಚಿ ಭಜಿ, ಚಹಾ ಮುಗಿಯುವಷ್ಟರಲ್ಲಿ ಡೀಸೆಲ್ ಎಂದು ತೀರ್ಮಾನವಾಯಿತು. ಮಾತು ಕೊಡಲು ಎಲ್ಲರೂ ಎದ್ದಾಗ ನನಗೇನನ್ನಿಸಿತೋ, "ರೀ, ನಾನೂ ಒಮ್ಮೆ ಕುಂತ ನೋಡ್ತೇನ್ರಿ" ಎಂದೆ.

ಎಲ್ಲರೂ ಮುಖ ಮುಖ ನೋಡಿಕೊಂಡರು. "ಕುಂಡ್ರವಾ, ನಿನ್ನ ಸಲುವಾಗೇ ತಗೊಳ್ಳಾಕತ್ತೇವಿ" ಎಂದರು ಕಾಕಾ.

ಡೀಸೆಲ್ ಗಾಡಿ ಶುರುವಾದದ್ದೇ ಸೀಟಿನಿಂದ ಸಣ್ಣ ನಡುಕ ಬೆನ್ನಿಗೆ ಏರಿತು. ಓಣಿ ದಾಟುವುದರೊಳಗೆ ಕಣ್ಣಲ್ಲಿ ನೀರು. "ನಿಂದರಸ್ರಿ" ಎಂದೆ. ನಮ್ಮವರು ನನ್ನ ಮುಖ ನೋಡಿ ಬಿಳಿಚಿಕೊಂಡರು. ಆಮೇಲೆ ಪೆಟ್ರೋಲ್ ಗಾಡಿಯಲ್ಲಿ ಕೆರೆಯವರೆಗೂ ಹೋಗಿ ಬಂದೆ, ನೋವಾಗಲಿಲ್ಲ. ನಮ್ಮವರು ಇಳಿದು, "ಇದ ಇರಲಿ" ಎಂದಷ್ಟೇ ಹೇಳಿದರು.

ಯಾವ ಇಂಜಿನ್ ಒಳ್ಳೆಯದೆಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಪೆಟ್ರೋಲ್ ಹಾಕಿಸುವಾಗಲೆಲ್ಲ ಕಾಕಾ ಹೇಳಿದ್ದೇ ಸರಿಯಿತ್ತೇನೋ ಎಂದು ಗೊಂದಲವಾಗುತ್ತದೆ. ಆದರೆ ಅಂದು ನಾನು ಬಾಯಿ ತೆರೆಯದಿದ್ದರೆ, ನನಗಾಗಿ ತಂದ ಗಾಡಿ ದಿನಾ ಹುಬ್ಬಳ್ಳಿಗೆ ಹೋಗಿ ಬರುತ್ತಿತ್ತು, ನಾನು ಮನೆಯಲ್ಲಿರುತ್ತಿದ್ದೆ.